ಬ್ರಿಟಿಷ್ ವಸಾಹತು ಗಯಾನಾದ ಕರಾರು ಕೂಲಿಗಳಿಗೆ ದೂರು ಕೊಡುವ ದಾರಿಯೇ ಇರಲಿಲ್ಲವೇ?

ಪ್ರಶ್ನೆ (ಕಾರವಾರ): ಕಾಲೇಜಿನ ಭಿತ್ತಿಪತ್ರಿಕೆಗೆ ಕೆರಿಬಿಯನ್ ಕಬ್ಬಿನ ತೋಟಗಳ ಭಾರತೀಯ ಕೂಲಿಗಳ ಬಗ್ಗೆ ಬರೆಯಬೇಕು. ದೂರು ಕೇಳಲೆಂದೇ ಸರ್ಕಾರಿ ಅಧಿಕಾರಿ ಇದ್ದರೂ ನ್ಯಾಯ ಸಿಗಲಿಲ್ಲ ಯಾಕೆ?

ಶಿರಸಿ: ಐದು ವರ್ಷದ ಕರಾರು. ನಮ್ಮ ಅಡಿಕೆ ತೋಟದಲ್ಲಿ ಆಳು ಕೆಲಸ ಬಿಟ್ಟರೆ ಮುಂಗಡದ ಲೆಕ್ಕ ತೀರಿಸಿದರಾಯ್ತು. ಅಲ್ಲಿ ಗೈರುಹಾಜರಿಯೇ ಅಪರಾಧ. ದಂಡ, ಇಲ್ಲವೇ ಜೈಲು. ತೋಟ ದಾಟಲು ಪಾಸ್ ಬೇಕು. ರಾಜಧಾನಿ ಜಾರ್ಜ್‌ಟೌನ್‌ನಲ್ಲಿದ್ದ ಆ ಅಧಿಕಾರಿಗೆ ದೂರು ಒಯ್ಯಲು ಪಾಸಿಲ್ಲದೆ ಹೊರಟರೆ ದಾರಿಯಲ್ಲೇ ಹಿಡಿಯಬಹುದಿತ್ತು. ಗಂಟು ಇರುವುದು ಅಲ್ಲೇ.

ಅಂಕೋಲಾ: ಗಯಾನಾದಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದ ದೆ ವೊ 1869ರಲ್ಲಿ ಲಂಡನ್‌ಗೆ ಬರೆದ ಪತ್ರದಿಂದ 1870ರ ವಿಚಾರಣಾ ಆಯೋಗ ಬಂತು. ಆದರೆ ಭಿತ್ತಿಪತ್ರಿಕೆಯಲ್ಲಿ ದೊಡ್ಡ ಜಾಗ ಬೇಚುಗೆ ಕೊಡಿ. ಎನ್‌ಮೋರ್ ತೋಟದ ಬಂಗಾಳಿ ಕೂಲಿ. 1896ರಿಂದ ಪತ್ರಿಕೆಗೆ ಇಂಗ್ಲಿಷಿನಲ್ಲಿ ಪತ್ರ ಬರೆದು ತೋಟಗಳ ಅನ್ಯಾಯ ಬಯಲಿಗೆಳೆದ, 1897ರಲ್ಲಿ ಬ್ರಿಟನ್ ಕಳಿಸಿದ ರಾಯಲ್ ವಿಚಾರಣಾ ಆಯೋಗದ ಮುಂದೆ ಸಾಕ್ಷಿಯನ್ನೂ ನುಡಿದ. ಸ್ವತಃ ಕರಾರಿಗೆ ಬಿದ್ದವನ ಮಾತು ಅದು!

ಕುಮಟಾ: ಒಂದು ತಿದ್ದುಪಡಿ ಬೇಕು. ಪತ್ರಗಳಿಂದಲೇ ಕರಾರು ಪದ್ಧತಿ ನಿಂತಿತು ಎಂದು ಬರೆಯಬೇಡಿ. ಅದನ್ನು ನಿಲ್ಲಿಸಬೇಕೆಂಬ ಗೋಖಲೆಯವರ 1912ರ ಗೊತ್ತುವಳಿ ಭಾರತದ ಶಾಸನಸಭೆಯಲ್ಲಿ ಬಿದ್ದುಹೋಯಿತು. 1916ರಲ್ಲಿ ಮಾಳವೀಯರು ಮತ್ತೆ ತಂದಾಗ ಸರ್ಕಾರ ಒಪ್ಪಿತು. ನೇಮಕಾತಿ ನಿಂತದ್ದು 1917ರಲ್ಲಿ. ಇನ್ನೊಂದು: ಹಡಗುಗಳು ಹೊರಟದ್ದು ಮುಖ್ಯವಾಗಿ ಕಲ್ಕತ್ತಾ, ಮದ್ರಾಸುಗಳಿಂದ, ಕಾರವಾರ ಬಂದರನ್ನು ಅದಕ್ಕೆ ಜೋಡಿಸಬೇಡಿ.