ಸಹಾಯ ಬೇಕು: ಮಕ್ಕಳ ಒಪ್ಪಿಗೆ ಕೇಳುವುದು ಹೇಗೆ?

ನಮಸ್ಕಾರ. ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಅಪ್ಪ-ಅವ್ವ ಗೋವಾಕ್ಕೆ ದುಡಿಯಲು ಹೋದಾಗ ಅಜ್ಜಿ ಹತ್ತಿರ ಉಳಿಯುವ ಗದಗ ಕಡೆಯ ಮಕ್ಕಳ ಬಗ್ಗೆ ಅಧ್ಯಯನ.

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಲು ಪಾಲಕರ ಸಹಿ ಒಂದೇ ಸಾಲದು. 7ರಿಂದ 12 ವರ್ಷದ ಮಕ್ಕಳ ಬಾಯಿಮಾತಿನ ಒಪ್ಪಿಗೆಯೂ ಬೇಕು, ದೊಡ್ಡ ಮಕ್ಕಳದ್ದು ಬರಹದಲ್ಲಿ.

ಮೊನ್ನೆ 10 ವರ್ಷದ ಹುಡುಗಿಯೊಬ್ಬಳು ಶಾಲೆಯಲ್ಲಿ ತನ್ನ ಸರ್ ಮುಖ ನೋಡಿ "ಹೂಂ ರೀ" ಅಂದಳು. ಅವ್ವನ ಬಗ್ಗೆ ಕೇಳಿದ ಕೂಡಲೇ ಲಂಗದ ಅಂಚು ಹಿಂಡುತ್ತಾ ಸುಮ್ನೆ ಕೂತಳು. ಅಲ್ಲೇ ನಿಲ್ಲಿಸಿದೆ. ಅದು ಒಪ್ಪಿಗೆಯಲ್ಲ, ಹೆದರಿಕೆ ಅಲ್ವಾ? ರಾತ್ರಿ ನಿದ್ದೆ ಬರಲಿಲ್ಲ.

"ಬ್ಯಾಡ ಅಂದ್ರೂ ಯಾರೂ ಬೈಯೋದಿಲ್ಲ, ನಡುವೆ ಎದ್ದು ಹೋಗಬಹುದು" ಎಂದು ಮಕ್ಕಳು ನಂಬುವಂತೆ ಹೇಳುವುದು ಹೇಗೆ? ಶಾಲೆ ಬಿಟ್ಟು ಮನೆಯಂಗಳದಲ್ಲಿ ಕೇಳಲೇ? ನಮ್ಮ ಭಾಗದ ಮಾತಿನಲ್ಲೇ ಬರೆದ ಒಪ್ಪಿಗೆ ಪತ್ರದ ಮಾದರಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ. ಸೋಮವಾರ ಮತ್ತೆ ಆ ಊರಿಗೆ ಹೋಗಬೇಕು.