ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫೈಯರ್: ಒಂದೇ ಸಾಕೆಟ್‌ನ ಇಎಲ್84 ಮತ್ತೆ ಮತ್ತೆ ಕೆಂಪಾಗುತ್ತಿದೆ

ಪ್ರಶ್ನೆ, ವಾಸ್ಕೋದಿಂದ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವನು, ಕೆಲಸದ ನಿಮಿತ್ತ ಗೋವಾದ ವಾಸ್ಕೋದಲ್ಲಿದ್ದೇನೆ. ಮಡಗಾಂವ್‌ನಲ್ಲಿ ಮದುವೆಗಳಿಗೆ, ನೃತ್ಯಕೂಟಗಳಿಗೆ ಗಿಟಾರ್ ನುಡಿಸುತ್ತಿದ್ದ ಹಿರಿಯರೊಬ್ಬರ ಮನೆಯವರು ಕಳೆದ ಬೇಸಿಗೆಯಲ್ಲಿ ಅವರ ಆಂಪ್ಲಿಫೈಯರನ್ನು ನನಗೆ ಕೊಟ್ಟರು. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ತಯಾರಾದದ್ದು, ಹೆಸರಿನ ಫಲಕ ಉದುರಿಹೋಗಿದೆ. ಒಳಗಿನ ಗಾಜಿನ ವಾಲ್ವುಗಳಲ್ಲಿ ಸ್ಪೀಕರಿಗೆ ಶಕ್ತಿ ಕೊಡುವ ಎರಡು ಇಎಲ್84, ಗಿಟಾರಿನ ದನಿಯನ್ನು ಮೊದಲು ಹಿಗ್ಗಿಸುವ ಮೂರು ಇಸಿಸಿ83 ಮತ್ತು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆಗಿ ಒಂದು ಇಝಡ್81 ಇವೆ. ಮೊದಲ ಸ್ಥಾನದ ಇಸಿಸಿ83ರ ಗಾಜಿನ ಮೇಲೆ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಎಂಬ ಮುದ್ರೆ ಇನ್ನೂ ಸ್ಪಷ್ಟವಾಗಿದೆ.

ಸ್ವಿಚ್ ಹಾಕಿದ ಮೇಲೆ ಹತ್ತು ನಿಮಿಷ ಸೊಗಸಾಗಿ ಕೇಳುತ್ತದೆ. ಆಮೇಲೆ ದನಿ ತೆಳುವಾಗಿ ಒಡೆಯತೊಡಗುತ್ತದೆ. ದೀಪ ಆರಿಸಿ ಹಿಂದಿನಿಂದ ನೋಡಿದರೆ, ಬಲಗಡೆಯ ಇಎಲ್84ರ ಒಳಗಿನ ಬೂದುಬಣ್ಣದ ತಗಡಿನ (ಆನೋಡಿನ) ಮಧ್ಯದಲ್ಲಿ ಕೆಂಡದಂಥ ಒಂದು ಚುಕ್ಕೆ ಮೂಡಿ, ನೋಡುತ್ತಿರುವಂತೆಯೇ ಅಗಲವಾಗುತ್ತದೆ. ವಾಲ್ವ್ ಕೆಟ್ಟಿರಬೇಕೆಂದು ಹೊಸ ಜೋಡಿಯನ್ನು ತರಿಸಿ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಅದೇ ಬಲಗಡೆಯ ಸಾಕೆಟ್ಟಿನಲ್ಲಿ ಹೊಸದೂ ಕೆಂಪಾಯಿತು. ಇದಲ್ಲದೆ ವಾಲ್ಯೂಮ್ ಸೊನ್ನೆಗಿಳಿಸಿದರೂ ಗುಂಯ್ ಎಂಬ ಸದ್ದು ನಿಲ್ಲುವುದಿಲ್ಲ. ನಡುನಡುವೆ ಒಗ್ಗರಣೆ ಸಿಡಿದಂಥ ಚಟಪಟ ಸದ್ದೂ ಇದೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿರಬಹುದೇ? ಗುಂಯ್ ಸದ್ದಿಗೆ ಹಳೆಯ 32 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬದಲು ನೂರರದ್ದನ್ನು ಹಾಕಬಹುದೇ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು. ಇನ್ನೊಂದು ಜೋಡಿ ವಾಲ್ವನ್ನು ಸುಡುವ ಧೈರ್ಯ ನನಗಿಲ್ಲ.

ಉತ್ತರ, ಡೊಂಬಿವಲಿಯಿಂದ

ನಮಸ್ಕಾರ. ಮೊದಲು ಅದನ್ನು ಆರಿಸಿಡಿ, ಮುಂದಿನ ಮಾತು ಆಮೇಲೆ. ಮುಂಬಯಿಯಲ್ಲಿ ನಲವತ್ತು ವರ್ಷ ವಾಲ್ವ್ ರೇಡಿಯೋ ಮತ್ತು ಆಂಪ್ಲಿಫೈಯರ್ ಬಿಚ್ಚಿ ಕಟ್ಟಿದವನಾಗಿ ಹೇಳುತ್ತೇನೆ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ವಾಲ್ವ್ ಬದಲಾದರೂ ಕೆಂಪು ಅದೇ ಸಾಕೆಟ್ಟಿನಲ್ಲಿ ಉಳಿಯಿತೆಂದರೆ ತಪ್ಪು ವಾಲ್ವಿನದಲ್ಲ, ಆ ಸಾಕೆಟ್ಟಿಗೆ ಬಂದು ಸೇರುವ ಯಾವುದೋ ಭಾಗದ್ದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಸದ್ಯಕ್ಕೆ ಮರೆತುಬಿಡಿ. ಅದು ಸುಟ್ಟಿದ್ದರೆ ಮೊದಲ ಹತ್ತು ನಿಮಿಷದ ಸೊಗಸಾದ ದನಿ ನಿಮಗೆ ಕೇಳುತ್ತಲೇ ಇರಲಿಲ್ಲ.

ಅಳೆಯುವ ಮುನ್ನ ಜೀವದ ಮಾತು. ಒಳಗೆ ಮುನ್ನೂರು ವೋಲ್ಟಿಗೂ ಮಿಕ್ಕಿದ ಡಿಸಿ ಇದೆ, ಪ್ಲಗ್ ಕಿತ್ತ ಮೇಲೂ ಅದು, ನೀವು ಕೆಪ್ಯಾಸಿಟರ್ ಎಂದ, ಡಿಸಿಯ ಏರಿಳಿತ ಅಳಿಸುವ ಫಿಲ್ಟರ್ ಕಂಡೆನ್ಸರ್‌ನಲ್ಲಿ ಉಳಿದಿರಬಹುದು. ಹತ್ತು ಕಿಲೋಓಮ್, ಐದು ವ್ಯಾಟಿನ ಒಂದು ರೆಸಿಸ್ಟರಿಗೆ ಒಳ್ಳೆಯ ಹೊದಿಕೆಯ ತಂತಿ ಬೆಸೆದುಕೊಂಡು, ಕಂಡೆನ್ಸರಿನ ಧನ ತುದಿಯಿಂದ ಚಾಸಿಗೆ, ಅಂದರೆ ಯಂತ್ರದ ಲೋಹದ ಚೌಕಟ್ಟಿಗೆ, ಕೆಲವು ಸೆಕೆಂಡು ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ. ಕರೆಂಟಿದ್ದಾಗ ಅಳೆಯುವುದಾದರೆ ಕಪ್ಪು ತಂತಿಯನ್ನು ಕ್ಲಿಪ್‌ನಿಂದ ಚಾಸಿಗೆ ಕಚ್ಚಿಸಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಂದೇ ಕೈಯಲ್ಲಿ ಅಳೆಯಿರಿ. ಸ್ಪೀಕರ್ ಜೋಡಿಸದೆ ಎಂದೂ ಚಾಲೂ ಮಾಡಬೇಡಿ, ಆಗ ಟ್ರಾನ್ಸ್‌ಫಾರ್ಮರ್ ನಿಜವಾಗಿಯೇ ಸುಟ್ಟೀತು. ಹಳೆಯ ಮೇನ್ಸ್ ತಂತಿಯ ರಬ್ಬರ್ ಹೊದಿಕೆ ಬಿರುಕು ಬಿಟ್ಟಿದ್ದರೆ ಮೂರೆಳೆಯ ಹೊಸ ತಂತಿ ಹಾಕಿ, ಅರ್ಥಿನ ಎಳೆಯನ್ನು ಚಾಸಿಗೆ ಬೋಲ್ಟಿನಿಂದ ಬಿಗಿಯಿರಿ.

ಈಗ ಅಳತೆ. ಬ್ರಿಟಿಷ್ ಯಂತ್ರಗಳ ಹಿಂಬದಿಯಲ್ಲಿ ಮೇನ್ಸ್ ವೋಲ್ಟೇಜ್ ಆರಿಸುವ ಒಂದು ತಿರುಗಣೆಯೋ ಪ್ಲಗ್ಗೋ ಇರುತ್ತದೆ. ಅದು ಯಾವ ಅಂಕಿಯ ಮೇಲಿದೆ ನೋಡಿ, ನಿಮ್ಮ ಮನೆಯ ಮೇನ್ಸ್ ಎಷ್ಟಿದೆ ಅಳೆಯಿರಿ. ಇಎಲ್84ರ ನಾಲ್ಕನೆಯ ಮತ್ತು ಐದನೆಯ ಪಿನ್ನುಗಳ ನಡುವಿನ ಹೀಟರ್ ಎಸಿ ಬರೆದುಕೊಳ್ಳಿ. ಅದು 6.3 ವೋಲ್ಟಿನ ಆಸುಪಾಸಿನಲ್ಲಿರಬೇಕು. ಮೂರನೆಯ ಪಿನ್ ಕ್ಯಾಥೋಡ್, ಅಂದರೆ ವಾಲ್ವಿನಲ್ಲಿ ಎಲೆಕ್ಟ್ರಾನುಗಳನ್ನು ಹೊರಸೂಸುವ ಭಾಗ. ಅಲ್ಲಿನ ಡಿಸಿಯನ್ನು ಶುರುವಿನಲ್ಲೊಮ್ಮೆ, ಕೆಂಪಾಗುವ ಮೊದಲೊಮ್ಮೆ ಅಳೆಯಿರಿ. ಕ್ಯಾಥೋಡ್ ರೆಸಿಸ್ಟರ್ ಎಷ್ಟು ಓಮ್ ಎಂಬುದೂ ಬೇಕು.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಯಂತ್ರ ಚೆನ್ನಾಗಿ ಬಿಸಿಯಾದ ಮೇಲೆ ಆರಿಸಿ, ಖಾಲಿ ಮಾಡಿ, ಬಲಗಡೆಯ ಇಎಲ್84 ಒಂದನ್ನೇ ಬಟ್ಟೆಯಿಂದ ಹಿಡಿದು ಹೊರತೆಗೆಯಿರಿ. ಮತ್ತೆ ಒಂದು ನಿಮಿಷದ ಮಟ್ಟಿಗೆ ಚಾಲೂ ಮಾಡಿ ಖಾಲಿ ಸಾಕೆಟ್ಟಿನ ಎರಡನೆಯ ಪಿನ್, ಅಂದರೆ ಕರೆಂಟಿನ ಹರಿವನ್ನು ಹಿಡಿತದಲ್ಲಿಡುವ ಗ್ರಿಡ್, ಎಷ್ಟು ಡಿಸಿ ತೋರಿಸುತ್ತದೆ ನೋಡಿ. ಸೊನ್ನೆ ಇರಬೇಕು. ವಾಲ್ವ್ ಇದ್ದಾಗ ಮಾತ್ರ ವೋಲ್ಟ್ ಕಂಡು, ತೆಗೆದಾಗ ಮಾಯವಾದರೆ ವಾಲ್ವಿನ ಒಳಗೆ ಗ್ಯಾಸ್ ಸೇರಿದೆ ಎಂದರ್ಥ. ವಾಲ್ವ್ ತೆಗೆದ ಮೇಲೂ ಉಳಿದರೆ ಹಿಂದಿನ ಹಂತದಿಂದ ದನಿಯನ್ನು ದಾಟಿಸುವ ಕಪ್ಲಿಂಗ್ ಕಂಡೆನ್ಸರ್ ಸೋರುತ್ತಿದೆ.

ಆ ಬಿಇಎಲ್ ವಾಲ್ವನ್ನು ಮಾತ್ರ ಬದಲಿಸಬೇಡಿ. ನಮ್ಮ ಬೆಂಗಳೂರಿನ ಆ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಶುರುಮಾಡಿತು. ಅದರ ಇಸಿಸಿ83ಗಳನ್ನು ನಾನು ನೂರಾರು ಯಂತ್ರಗಳಲ್ಲಿ ಹಾಕಿದ್ದೇನೆ, ದಶಕಗಳ ಮೇಲೂ ಅವು ದುಡಿಯುತ್ತಿರುವುದನ್ನು ಕಂಡಿದ್ದೇನೆ.

ಉತ್ತರ, ಪುಣೆಯಿಂದ

ಗುಂಯ್ ಸದ್ದಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಕೈಯಲ್ಲಿ ಗಿಟಾರ್ ಇರುವಾಗ ಬೇರೆ ಉಪಕರಣ ಬೇಡ. ಶ್ರುತಿ ಮಾಡಿದ ಗಿಟಾರಿನ ಅತ್ಯಂತ ದಪ್ಪ ತಂತಿಯ ಮೂರನೆಯ ಮನೆ (ಫ್ರೆಟ್) 98 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಗುಂಯ್ ಸದ್ದು ಹೆಚ್ಚುಕಡಿಮೆ ಅದೇ ಸ್ವರವಾಗಿದ್ದರೆ ಅದು 100 ಹರ್ಟ್ಸ್, ಅಂದರೆ ರೆಕ್ಟಿಫೈಯರ್ ದಾಟಿ ಬಂದ ಏರಿಳಿತವನ್ನು ಫಿಲ್ಟರ್ ಕೆಪ್ಯಾಸಿಟರ್‌ಗಳು ಅಳಿಸುತ್ತಿಲ್ಲ. ಒಂದು ಸಪ್ತಕ ಕೆಳಗಿದ್ದರೆ ಅದು 50 ಹರ್ಟ್ಸ್, ಆಗ ಹೀಟರ್ ತಂತಿಗಳನ್ನೋ ಅರ್ಥಿಂಗನ್ನೋ ಹುಡುಕಬೇಕು.

ನೂರು ಮೈಕ್ರೋಫ್ಯಾರಡ್ ಹಾಕುವ ವಿಚಾರವನ್ನು ದಯವಿಟ್ಟು ಕೈಬಿಡಿ. ಇಝಡ್81ರ ಎದುರಿನ ಮೊದಲ ಕೆಪ್ಯಾಸಿಟರ್ 50 ಮೈಕ್ರೋಫ್ಯಾರಡ್ ಮೀರಬಾರದು. ಮೀರಿದರೆ ಪ್ರತಿ ಸಲ ತುಂಬಿಕೊಳ್ಳುವಾಗಲೂ ಎಳೆಯುವ ಕರೆಂಟಿನ ಹೊಡೆತ ರೆಕ್ಟಿಫೈಯರ್ ವಾಲ್ವಿನ ಕ್ಯಾಥೋಡನ್ನು ತಿಂದುಹಾಕುತ್ತದೆ. 33 ಮೈಕ್ರೋಫ್ಯಾರಡ್, 450 ವೋಲ್ಟಿನದು ಸಾಕು. ಇಲ್ಲಿ ಬುಧವಾರ ಪೇಟೆಯ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತದೆ, ಮುಂಬಯಿಯಲ್ಲಾದರೆ ಲ್ಯಾಮಿಂಗ್ಟನ್ ರಸ್ತೆ ಇದ್ದೇ ಇದೆ. ಬೇಕಿದ್ದರೆ ನಾನೇ ಕೊಂಡು ಗೋವಾ ಬಸ್ಸಿಗೆ ಹಾಕಿಸುತ್ತೇನೆ.

ವಾಸ್ಕೋದಿಂದ, ನಾಲ್ಕು ದಿನಗಳ ಅನಂತರ

ಹಿರಿಯರೇ, ಹೇಳಿದ ಕ್ರಮದಲ್ಲೇ ಅಳೆದಿದ್ದೇನೆ. ವೋಲ್ಟೇಜ್ ಆರಿಸುವ ಪ್ಲಗ್ 205ರ ಮೇಲಿತ್ತು, ಮನೆಯ ಮೇನ್ಸ್ 238. ಹೀಟರ್ 7.3 ವೋಲ್ಟ್ ತೋರಿಸಿತು. ಪ್ಲಗ್ಗನ್ನು 245ಕ್ಕೆ ಬದಲಿಸಿದ ಮೇಲೆ 6.1ಕ್ಕೆ ಇಳಿಯಿತು. ಆನೋಡಿನ ವೋಲ್ಟೇಜ್ 352 ಇದ್ದದ್ದು 300ಕ್ಕೆ ಬಂತು. ಎರಡೂ ಇಎಲ್84ಗಳಿಗೆ ಸೇರಿ ಇರುವ ಕ್ಯಾಥೋಡ್ ರೆಸಿಸ್ಟರ್ 130 ಓಮ್. ಅದರ ಮೇಲೆ ಶುರುವಿನಲ್ಲಿ 10.4 ವೋಲ್ಟ್ ಇದ್ದು, ಹದಿನೆಂಟನೆಯ ನಿಮಿಷಕ್ಕೆ 14.3 ಆಯಿತು. ಬಲ ಸಾಕೆಟ್ಟಿನ ಗ್ರಿಡ್, ವಾಲ್ವ್ ತೆಗೆದ ಮೇಲೂ 6.8 ವೋಲ್ಟ್ ತೋರಿಸಿತು. ಎಡದ್ದನ್ನು ಹಾಗೆಯೇ ನೋಡಿದಾಗ ಸೊನ್ನೆ. ಗುಂಯ್ ಸದ್ದು ಮೂರನೆಯ ಮನೆಯ ಸ್ವರಕ್ಕೇ ಕೂಡಿತು.

ಉತ್ತರ, ಡೊಂಬಿವಲಿಯಿಂದ

ಇಷ್ಟು ಚೊಕ್ಕವಾಗಿ ಅಳೆದು ಬರೆದದ್ದಕ್ಕೆ ಸಂತೋಷವಾಯಿತು. ನಿಮ್ಮ ಅಂಕಿಗಳನ್ನೇ ಹಿಡಿದು ಹೇಳುತ್ತೇನೆ.

14.3 ವೋಲ್ಟನ್ನು 130 ಓಮಿನಿಂದ ಭಾಗಿಸಿದರೆ 110 ಮಿಲಿಆಂಪಿಯರ್ ಬರುತ್ತದೆ. ಎರಡೂ ವಾಲ್ವುಗಳು ಸಮನಾಗಿ ಹಂಚಿಕೊಂಡವೆಂದೇ ಇಟ್ಟುಕೊಳ್ಳಿ, ತಲಾ 55. ಅದರಲ್ಲಿ ಸ್ಕ್ರೀನ್ ಗ್ರಿಡ್ ಎಂಬ ಎರಡನೆಯ ಗ್ರಿಡ್ಡಿನ ಪಾಲಾಗಿ ಐದನ್ನು ಕಳೆದು, ಉಳಿದ 50ನ್ನು ಆನೋಡ್ ಮತ್ತು ಕ್ಯಾಥೋಡ್ ನಡುವಿನ 286 ವೋಲ್ಟಿನಿಂದ ಗುಣಿಸಿದರೆ 14.3 ವ್ಯಾಟ್ ಆಗುತ್ತದೆ. ಇಎಲ್84ರ ಆನೋಡ್ ತಾಳುವುದು 12 ವ್ಯಾಟ್ ಮಾತ್ರ. ವಾಸ್ತವದಲ್ಲಿ ಹಂಚಿಕೆ ಸಮವಿಲ್ಲ, ಬಲಗಡೆಯದು ಇನ್ನೂ ಬಹಳ ಹೆಚ್ಚು ಹೊರುತ್ತಿದೆ. ಕೆಂಪಾಗದೆ ಇನ್ನೇನಾದೀತು?

ಗ್ರಿಡ್ ಯಾವಾಗಲೂ ಕ್ಯಾಥೋಡಿಗಿಂತ ಕೆಲವು ವೋಲ್ಟ್ ಕೆಳಗಿದ್ದು ಕರೆಂಟಿನ ಹರಿವಿಗೆ ಕಡಿವಾಣ ಹಾಕಬೇಕು. ನಿಮ್ಮಲ್ಲಿ 6.8 ವೋಲ್ಟ್ ಬಂದು ಆ ಕಡಿವಾಣವನ್ನೇ ಸಡಿಲಿಸಿದೆ. ಗ್ರಿಡ್ಡಿನಿಂದ ಚಾಸಿಗೆ ಇರುವುದು 470 ಕಿಲೋಓಮ್ ಆಗಿದ್ದರೆ, ಸೋರಿಕೆ ಬರೀ ಹದಿನಾಲ್ಕೂವರೆ ಮೈಕ್ರೋಆಂಪಿಯರ್. ಇಷ್ಟು ಅಲ್ಪವಾದದ್ದು ಸಾಧಾರಣ ಮಲ್ಟಿಮೀಟರಿನಲ್ಲಿ ಕಂಡೆನ್ಸರ್ ಬಿಚ್ಚಿ ನೋಡಿದರೆ ಕಾಣುವುದೇ ಇಲ್ಲ, ಏಕೆಂದರೆ ಮೀಟರಿನ ಒಳಗಿನ ಬ್ಯಾಟರಿ ಅದರ ಮೇಲೆ ಹಾಕುವುದು ಹೆಚ್ಚೆಂದರೆ ಕೆಲವು ವೋಲ್ಟ್. ಇನ್ನೂರು ವೋಲ್ಟಿನ ಎದುರು, ಬಿಸಿಯಾದ ಮೇಲೆ, ಆ ಕಂಡೆನ್ಸರಿನ ಗುಣ ಬೇರೆಯೇ. ಮೇಣ ಹೊದಿಸಿದ ಕಾಗದದ ಕಂಡೆನ್ಸರ್‌ಗಳು ಅರವತ್ತು ಮಳೆಗಾಲಗಳ ತೇವವನ್ನು ಹೀರಿಕೊಂಡಿವೆ, ಅದೂ ಕರಾವಳಿಯಲ್ಲಿ. ಶುರುವಿನ ಹತ್ತು ನಿಮಿಷ ಸರಿಯಾಗಿದ್ದು ಆಮೇಲೆ ಕೆಡುತ್ತಿದ್ದುದು ಇದೇ ಕಾರಣಕ್ಕೆ.

ಎರಡೂ ಕಪ್ಲಿಂಗ್ ಕಂಡೆನ್ಸರುಗಳನ್ನು 0.1 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಯೆಸ್ಟರ್ ಫಿಲ್ಮಿನವಕ್ಕೆ ಬದಲಿಸಿ. ಫಿಲ್ಟರ್ ಎಲೆಕ್ಟ್ರೋಲಿಟಿಕ್‌ಗಳ ಆಯುಸ್ಸು ಹೇಗೂ ಮುಗಿದಿದೆ, ಅವನ್ನೂ ಬದಲಿಸಿ. ಆದರೆ ಈ ಎರಡು ಕೆಲಸ ಒಟ್ಟಿಗೆ ಬೇಡ. ಮೊದಲು ಗ್ರಿಡ್ಡಿನದನ್ನು ಮುಗಿಸಿ, ಗುಂಯ್ ಸದ್ದನ್ನು ಮತ್ತೊಮ್ಮೆ ಆಲಿಸಿ. ಎರಡು ವಾಲ್ವುಗಳು ಎದುರುಬದುರಾಗಿ ಸಮನಾಗಿ ಎಳೆಯುವಾಗ ಸಪ್ಲೈಯಿಂದ ಬರುವ ಗುಂಯ್ ಟ್ರಾನ್ಸ್‌ಫಾರ್ಮರಿನಲ್ಲಿ ಬಹುಪಾಲು ಪರಸ್ಪರ ಅಳಿದುಹೋಗುತ್ತದೆ. ತಕ್ಕಡಿ ವಾಲಿದ್ದರಿಂದಲೂ ನಿಮಗೆ ಅದು ಜೋರಾಗಿ ಕೇಳುತ್ತಿರಬಹುದು. ಯಾವುದರಿಂದ ಎಷ್ಟು ಗುಣವಾಯಿತೆಂದು ತಿಳಿಯದಿದ್ದರೆ ಮುಂದಿನ ರಿಪೇರಿಗೆ ನಿಮಗೆ ಏನೂ ಉಳಿಯುವುದಿಲ್ಲ.

ಚಟಪಟ ಸದ್ದಿಗೆ ಇಸಿಸಿ83ರ ಆನೋಡಿನ 100 ಕಿಲೋಓಮ್ ರೆಸಿಸ್ಟರುಗಳನ್ನು ಅಳೆಯಿರಿ. ಹಳೆಯ ಕಾರ್ಬನ್ ರೆಸಿಸ್ಟರುಗಳು ವಯಸ್ಸಾದಂತೆ ಬೆಲೆಯಲ್ಲಿ ಏರುತ್ತವೆ, ಸದ್ದೂ ಮಾಡುತ್ತವೆ.

ವಾಸ್ಕೋದಿಂದ, ಎರಡು ವಾರಗಳ ಅನಂತರ

ಪುಣೆಯಿಂದ ಬಿಡಿಭಾಗಗಳು ಸುರಕ್ಷಿತವಾಗಿ ಬಂದವು, ತುಂಬ ಉಪಕಾರವಾಯಿತು. ಕಪ್ಲಿಂಗ್ ಕೆಪ್ಯಾಸಿಟರ್ ಬದಲಿಸಿದ ಕೂಡಲೇ ಗುಂಯ್ ಸದ್ದು ಅರ್ಧಕ್ಕಿಳಿಯಿತು, ಫಿಲ್ಟರಿನವನ್ನು ಬದಲಿಸಿದ ಮೇಲೆ ಸ್ಪೀಕರಿಗೆ ಕಿವಿಯಿಟ್ಟರೆ ಮಾತ್ರ ಕೇಳುವಷ್ಟಾಯಿತು. ಆನೋಡಿನ ರೆಸಿಸ್ಟರೊಂದು 136 ಕಿಲೋಓಮ್ ತೋರಿಸಿತು. ಬದಲಿಸಿದೆ, ಚಟಪಟ ನಿಂತಿತು.

ಆದರೆ ಒಂದು ಚಿಂತೆ ಉಳಿದಿದೆ. ನಿನ್ನೆ ಇಡೀ ದಿನ ಮಳೆ ಸುರಿಯಿತು. ರಾತ್ರಿ ಅಳೆದಾಗ ಬಲಗಡೆಯ ಗ್ರಿಡ್ಡಿನಲ್ಲಿ ಮತ್ತೆ 1.3 ವೋಲ್ಟ್ ಕಂಡಿತು. ಹೊಸ ಕೆಪ್ಯಾಸಿಟರೂ ಸೋರುತ್ತದೆಯೇ?

ಉತ್ತರ, ಡೊಂಬಿವಲಿಯಿಂದ

ಹೊಸ ಕಂಡೆನ್ಸರನ್ನು ದೂರುವ ಮುನ್ನ ಅದರ ಗ್ರಿಡ್ ಕಡೆಯ ಕಾಲನ್ನು ಬಿಚ್ಚಿ ಗಾಳಿಯಲ್ಲಿ ನಿಲ್ಲಿಸಿ, ಗ್ರಿಡ್ಡನ್ನು ಮತ್ತೆ ಅಳೆಯಿರಿ. ಆಗಲೂ 1.3 ಇದ್ದರೆ ಕರೆಂಟ್ ಬರುತ್ತಿರುವುದು ಬೋರ್ಡಿನ ಮೈಯಿಂದ. ಆ ಕಂದುಬಣ್ಣದ ಹಲಗೆ ಒತ್ತಿದ ಕಾಗದ ಮತ್ತು ರಾಳದ್ದು. ಅಂಚಿನಿಂದ ತೇವ ಎಳೆದುಕೊಳ್ಳುತ್ತದೆ. ಮೇಲಿನ ಧೂಳು, ಹಳೆಯ ಬೆಸುಗೆಯ ಫ್ಲಕ್ಸ್, ನಿಮ್ಮೂರಿನ ಉಪ್ಪುಗಾಳಿ ಮೂರೂ ಸೇರಿದರೆ ಅದೇ ಒಂದು ರೆಸಿಸ್ಟರ್ ಆಗಿಬಿಡುತ್ತದೆ. ಹೈ ವೋಲ್ಟೇಜಿನ ಟ್ಯಾಗ್ (ತಂತಿ ಬೆಸೆಯುವ ಲೋಹದ ತುಣುಕು) ಮತ್ತು ಗ್ರಿಡ್ ಟ್ಯಾಗ್ ಅಕ್ಕಪಕ್ಕದಲ್ಲಿರುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ.

ವಾಸ್ಕೋದಿಂದ

ಕಾಲು ಬಿಚ್ಚಿದ ಮೇಲೂ 1.3 ಹಾಗೆಯೇ ಇತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಎರಡು ಟ್ಯಾಗುಗಳ ನಡುವೆ ಜೇನಿನ ಬಣ್ಣದ ಫ್ಲಕ್ಸಿನ ಕೆಳಗೆ ಕೂದಲೆಳೆಯಷ್ಟು ಸಣ್ಣ, ವಂಕಿವಂಕಿಯಾದ ಕಪ್ಪು ಗೆರೆಯೊಂದು ಕಂಡಿತು. ಬ್ಲೇಡಿನ ತುದಿಯಿಂದ ಕಪ್ಪು ಹೋಗುವವರೆಗೆ ಕೆರೆದೆ. ಹಲ್ಲುಜ್ಜುವ ಬ್ರಷ್ಷಿನಿಂದ ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಬೋರ್ಡಿನ ಎರಡೂ ಬದಿ ತೊಳೆದು, ಅರವತ್ತು ವ್ಯಾಟಿನ ಹಳೆಯ ಬಲ್ಬಿನ ಬಿಸಿಯಲ್ಲಿ ಎರಡು ರಾತ್ರಿ ಒಣಗಿಸಿದೆ. ಕೆಪ್ಯಾಸಿಟರಿನ ಕಾಲನ್ನು ಮತ್ತೆ ಆ ಟ್ಯಾಗಿಗೆ ಬೆಸೆಯದೆ, ಗ್ರಿಡ್ ರೆಸಿಸ್ಟರಿನ ತುದಿಯನ್ನೂ ಜೊತೆಗೆ ತಂದು, ಸ್ಲೀವ್ ತೊಡಿಸಿ ನೇರವಾಗಿ ಸಾಕೆಟ್ಟಿನ ಎರಡನೆಯ ಪಿನ್ನಿಗೆ ಸೇರಿಸಿದೆ.

ಈಗ ಹೊರಗೆ ಮಳೆ ಸುರಿಯುತ್ತಿರುವಾಗಲೇ ಎರಡು ಗಂಟೆ ಓಡಿಸಿದ್ದೇನೆ. ಗ್ರಿಡ್ ಸೊನ್ನೆ, ಕ್ಯಾಥೋಡ್ 10.2, ಎರಡೂ ವಾಲ್ವುಗಳಲ್ಲಿ ಹೀಟರಿನ ಕಿತ್ತಳೆ ಬೆಳಕಲ್ಲದೆ ಬೇರೆ ಕೆಂಪಿಲ್ಲ. ಬಿಇಎಲ್ ವಾಲ್ವ್ ತನ್ನ ಜಾಗದಲ್ಲೇ ಇದೆ. ಈ ಅಂಕಿಗಳನ್ನೆಲ್ಲ, ಮೇನ್ಸ್ ಪ್ಲಗ್ 245ರ ಮೇಲಿರಬೇಕೆಂಬುದನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಕ್ಯಾಬಿನೆಟ್ಟಿನ ಹಿಂಬದಿಯ ಹಲಗೆಗೆ ಅಂಟಿಸಿದ್ದೇನೆ. ಭಾನುವಾರ ಮಡಗಾಂವ್‌ಗೆ ಹೊತ್ತೊಯ್ದು ಆ ಮನೆಯವರಿಗೆ ಕೇಳಿಸಿ ಬರುತ್ತೇನೆ.