ಸಹಾಯ ಬೇಕು: ಗಾಲ್ಫಲ್ಲಿ ಒಂದು ಹೊಡೆತ ಕೆಟ್ಟರೆ ಪೂರ್ತಿ ಆಟವೇ ಕೆಡುತ್ತದೆ

ಎಲ್ರಿಗೂ ನಮಸ್ಕಾರ. ನಾನು ಕಾರವಾರದವನು. ಬೆಂಗಳೂರಿಗೆ ಹೋದಾಗ ಗೆಳೆಯರ ಜೊತೆ ಗಾಲ್ಫ್ ಆಡುತ್ತೇನೆ. ಊರಲ್ಲಿದ್ದಾಗ ಬೆಳಿಗ್ಗೆ ಬೇಗ, ಜನ ಬರುವ ಮೊದಲು, ಟಾಗೋರ್ ಬೀಚಿನ ಗಟ್ಟಿ ಮರಳಲ್ಲಿ ಸೆವೆನ್ ಐರನ್ (ಒಂದು ಬಗೆಯ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು) ಹಿಡಿದು ಅಭ್ಯಾಸ. ಅಲ್ಲಿ ತೊಂದರೆ ಇಲ್ಲ. ಗಾಲ್ಫ್ ಕೋರ್ಸಿನಲ್ಲಿ ಮಾತ್ರ ಚೆಂಡು ನೀರಿಗೆ ಬಿದ್ದರೆ ಮುಗೀತು. ಹಿಡಿತ ಬಿಗಿಯಾಗುತ್ತದೆ, ಮುಂದಿನ ಹೊಡೆತದಲ್ಲಿ ಕ್ಲಬ್ ಚೆಂಡಿನ ಹಿಂದಿನ ನೆಲಕ್ಕೇ ಬಡಿಯುತ್ತದೆ. ನೀರಿಗೆ ಬಿದ್ದಿದ್ದಕ್ಕೆ ಪೆನಾಲ್ಟಿಯಾಗಿ ಲೆಕ್ಕಕ್ಕೆ 1 ಹೊಡೆತ ಸೇರುತ್ತದೆ ಅಷ್ಟೇ. ಸಿಟ್ಟಿನಿಂದ ಹಾಳಾಗುವ ಹೊಡೆತಗಳೇ ಜಾಸ್ತಿ!

ಟೈಗರ್ ವುಡ್ಸ್ ಸಿಟ್ಟಿಗೆ 10 ಹೆಜ್ಜೆ ಮಾತ್ರ ಕೊಡ್ತಾರಂತೆ, ಆಮೇಲೆ ಬಿಟ್ಟುಬಿಡೋದು. ನನ್ನ ಸಿಟ್ಟು ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ತಲುಪಿದರೂ ಇಳಿಯುವುದಿಲ್ಲ. ಉಸಿರು ಎಳೆದು ಬಿಡಿ ಅಂತ ಸುಮ್ನೆ ಹೇಳಬೇಡಿ, ಅದೂ ಆಯ್ತು. ಆಡುವವರು ಇದ್ದರೆ ತಿಳಿಸಿ: ಮುಂದಿನ ಹೊಡೆತಕ್ಕೆ ನಿಲ್ಲುವ ಮೊದಲು ನೀವು ನಿಜವಾಗಿ ಏನು ಮಾಡ್ತೀರಿ?